ಅರಿಜೋನಾ ಸ್ಟೇಟ್ ಗಾಲ್ಫ್: ಹುಡುಗರ ತಂಡವೋ, ಹುಡುಗಿಯರ ತಂಡವೋ?

ಫೀನಿಕ್ಸ್ ಕಡೆ ಕೆಲಸಕ್ಕೆ ಬಂದ ನಮ್ಮವರಿಗೆ ಕಾಲೇಜು ಗಾಲ್ಫ್ ನೋಡುವ ಆಸೆ ಬಂದರೆ, ಮೊದಲು ವಿಚಾರಿಸುವುದು ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಹುಡುಗರ ತಂಡವನ್ನೇ. ಹೆಸರು ಹಾಗಿದೆ ಬಿಡಿ. ಮುಂದೆ ಹೆಸರಾಂತ ವೃತ್ತಿಪರ ಗಾಲ್ಫರ್ ಆದ ಫಿಲ್ ಮಿಕಲ್ಸನ್ ಇಲ್ಲಿ ಓದುತ್ತಾ 1989, 1990, 1992ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ವೈಯಕ್ತಿಕ ಪಟ್ಟ ಗೆದ್ದರು. ಸ್ಪೇನಿನಿಂದ ಬಂದ ಇನ್ನೊಬ್ಬ ಹೆಸರಾಂತ ಗಾಲ್ಫರ್ ಜಾನ್ ರಾಮ್ ಪಳಗಿದ್ದೂ ಇಲ್ಲೇ, ಫಿಲ್ ತಮ್ಮ ಟಿಮ್ ಮಿಕಲ್ಸನ್ ಕೋಚ್ ಆಗಿದ್ದಾಗ. ಆದರೆ ಎರಡೂ ತಂಡಗಳ ಹಿಂದೆ ಬಿಸಿಲಲ್ಲಿ ನಡೆದು ನೋಡಿದ ಮೇಲೆ ನನ್ನ ಓಟು ಹುಡುಗಿಯರಿಗೆ.

ಟ್ರೋಫಿ ಲೆಕ್ಕ ನೋಡಿದರೂ ಅಷ್ಟೇ. ಎನ್‌ಸಿಎಎ ತಂಡ ಪ್ರಶಸ್ತಿ ಹುಡುಗರಿಗೆ ಎರಡು, 1990 ಮತ್ತು 1996ರಲ್ಲಿ. ಹುಡುಗಿಯರಿಗೆ ಎಂಟು. ಅದರಲ್ಲಿ ಆರು 90ರ ದಶಕದಲ್ಲೇ ಬಂದವು, 1993ರಿಂದ 95ರವರೆಗೆ ಸತತ ಮೂರು. ಆಮೇಲೆ 2009 ಮತ್ತು 2017. ಈ ತಂಡದ ಮಿಸ್ಸಿ ಫಾರ್-ಕೇ ಆಟಗಾರ್ತಿಯಾಗಿ ಒಮ್ಮೆ, ಸಹಾಯಕ ಕೋಚ್ ಆಗಿ ಒಮ್ಮೆ, ಮುಖ್ಯ ಕೋಚ್ ಆಗಿ ಒಮ್ಮೆ, ಹೀಗೆ ಮೂರು ವೇಷದಲ್ಲೂ ಗೆದ್ದವರು. ಆದರೂ ಬಾಯಲ್ಲಿ ಓಡಾಡುವ ಹೆಸರು ಮಿಕಲ್ಸನ್ ಒಂದೇ, ಅಲ್ವಾ?

ಹೋಲಿಸಿ ನೋಡಲು ಒಳ್ಳೆಯ ಅವಕಾಶ ಸಿಕ್ಕಿದ್ದು 2021ರಿಂದ 2023ರವರೆಗೆ. ಆ ಮೂರೂ ವರ್ಷ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲೇ ಪಕ್ಕದ ಸ್ಕಾಟ್ಸ್‌ಡೇಲ್‌ನ ಗ್ರೇಹಾಕ್ ಕ್ಲಬ್‌ನಲ್ಲಿ ನಡೆಯಿತು. ಮೊದಲು ಹುಡುಗಿಯರದು, ಅದರ ಹಿಂದೆಯೇ ಹುಡುಗರದು. ಅದೇ ಮೈದಾನ, ಅದೇ ಮೇ ತಿಂಗಳ ಕಾದ ಬಾಣಲೆಯಂಥ ಬಿಸಿಲು. ಹುಡುಗಿಯರಿಗೆ ಅಂದಾಜು 6,300 ಗಜದ ಕೋರ್ಸ್, ಹುಡುಗರಿಗೆ 7,200 ಗಜ ದಾಟಿದ್ದು.

ಈ ಅಂತರದಲ್ಲೇ ಇದೆ ಎಲ್ಲಾ. ಹುಡುಗರು ಟೀ (ಮೊದಲ ಹೊಡೆತದ ಜಾಗ) ಮೇಲಿಂದ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಬೀಸಿದರೆ ಸದ್ದು ಕೇಳುತ್ತದೆ, ಚೆಂಡು ಕಾಣುವುದಿಲ್ಲ. ತಲೆ ಎತ್ತಿ ಹುಡುಕುವಷ್ಟರಲ್ಲಿ ಅವರು ಬ್ಯಾಗ್ ಹೆಗಲಿಗೇರಿಸಿ ಹೊರಟಿರುತ್ತಾರೆ. ಮುಂದಿನ ಹೊಡೆತಕ್ಕೆ ಕೈಯಲ್ಲಿ ವೆಜ್, ಅಂದರೆ ಹತ್ತಿರದ ಹೊಡೆತದ ಕೋಲು. ನೋಡೋಕೆ ಭಯಂಕರ ಚೆಂದ, ಆದರೆ ವಾರಾಂತ್ಯದಲ್ಲಿ ಆಡುವ ನನ್ನಂಥವನಿಗೆ ಅದರಿಂದ ಕಲಿಯೋದು ಕಡಿಮೆ. ಹುಡುಗಿಯರು ಅದೇ ಜಾಗಕ್ಕೆ ಹೈಬ್ರಿಡ್ಡೋ ಉದ್ದದ ಐರನ್ನೋ (ಎರಡೂ ದೂರದ ಹೊಡೆತದ ಕೋಲುಗಳೇ) ತೆಗೆಯುತ್ತಾರೆ. ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಯಾವ ಮೂಲೆಯಲ್ಲಿ ಬೀಳಿಸಬೇಕು, ಎಷ್ಟು ಉರುಳಬೇಕು ಅಂತ ಯೋಚಿಸುವುದು ಕಣ್ಣಿಗೆ ಕಾಣುತ್ತದೆ. ಸ್ವಿಂಗ್‌ನ ಲಯ ನಿಧಾನ, ಕಾಪಿ ಹೊಡೆಯಬಹುದು. ನನ್ನ ಬ್ಯಾಗಿನಿಂದ 3 ಐರನ್ ಹೋಗಿ ಹೈಬ್ರಿಡ್ ಬಂದದ್ದು ಅವರನ್ನು ನೋಡಿಯೇ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದೂ ದೂರ ಹೊಡೆದಲ್ಲ, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಬಲದಿಂದ. ಅವರು ಕಾಲೇಜು ಗಾಲ್ಫ್‌ನ ದಾರಿ ಹಿಡಿಯದೆ 2016ರಲ್ಲಿ ನೇರವಾಗಿ ವೃತ್ತಿಪರರಾದರು, ಅದು ಬೇರೆ ಮಾತು.

ಆದರೆ ಮ್ಯಾಚ್ ಪ್ಲೇಗೆ, ಅಂದರೆ ಎದುರುಬದುರು ಪಂದ್ಯಕ್ಕೆ, ಬಂದರೆ ನಾನೂ ಪಕ್ಷ ಬದಲಿಸುತ್ತೇನೆ. ಮಾಮೂಲಿ ದಿನಗಳಲ್ಲಿ ಐವರು ಆಡಿ ನಾಲ್ವರ ಸ್ಕೋರ್ ಲೆಕ್ಕಕ್ಕೆ ಹಿಡಿಯುವ ಪದ್ಧತಿ. ನೋಡುವವರಿಗೆ ಯಾರು ಮುಂದೆ, ಯಾರು ಹಿಂದೆ ಅಂತ ಫೋನ್ ನೋಡದೆ ಗೊತ್ತಾಗಲ್ಲ. ಚಾಂಪಿಯನ್‌ಷಿಪ್‌ನ ಕೊನೆಗೆ ಎಂಟು ತಂಡ ಉಳಿದ ಮೇಲೆ ಒಬ್ಬರಿಗೊಬ್ಬರು ಎದುರಾಗುತ್ತಾರೆ. ಹುಡುಗರಿಗೆ ಇದು 2009ರಲ್ಲಿ ಬಂತು, ಹುಡುಗಿಯರಿಗೆ 2015ರಲ್ಲಿ. 2022ರ ಹುಡುಗರ ಫೈನಲ್‌ನಲ್ಲಿ ಮನೆಯಂಗಳದಲ್ಲೇ ಅರಿಜೋನಾ ಸ್ಟೇಟ್ 3-2ರಿಂದ ಟೆಕ್ಸಸ್‌ಗೆ ಸೋತಿತು. ಆ ಗದ್ದಲಕ್ಕೆ ಸಾಟಿಯಾದದ್ದು ಹುಡುಗಿಯರ ಪಂದ್ಯಗಳಲ್ಲಿ ನನಗೆ ಸಿಕ್ಕಿಲ್ಲ.

ಮಕ್ಕಳನ್ನು ಗಾಲ್ಫ್‌ಗೆ ಹಾಕಿರುವ ಅಪ್ಪ-ಅಮ್ಮಂದಿರ ಲೆಕ್ಕವೇ ಬೇರೆ. ಬಹಳ ವರ್ಷ ಒಂದು ತಂಡಕ್ಕೆ ಸ್ಕಾಲರ್‌ಷಿಪ್ ಮಿತಿ (ಪಾಲು ಮಾಡಿ ಹಂಚಬಹುದಾದದ್ದು) ಹುಡುಗರಿಗೆ 4.5, ಹುಡುಗಿಯರಿಗೆ 6 ಇತ್ತು. ಅಮೆರಿಕನ್ ಫುಟ್‌ಬಾಲ್ ಒಂದಕ್ಕೇ ಹುಡುಗರ ಕಡೆ 85 ಹೋಗುತ್ತಿದ್ದುದರಿಂದ ಹೀಗೆ ಸರಿದೂಗಿಸುತ್ತಿದ್ದರು. 2025ರಿಂದ ಕಾಲೇಜು ಕ್ರೀಡೆಯ ಹೊಸ ಒಪ್ಪಂದ ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ಎರಡೂ ತಂಡಕ್ಕೆ ತಲಾ 9 ಆಟಗಾರರ ಮಿತಿ ಬಂದಿದೆ. ಮೊದಲಿನಂತೆ ಹುಡುಗಿಯರಿಗೆ ಸುಲಭ ಅಂತ ಸುಮ್ನೆ ನಂಬಿ ಕೂರಬೇಡಿ.

ಅಭ್ಯಾಸದ ಜಾಗದಲ್ಲಿ ಮಾತ್ರ ಭೇದವಿಲ್ಲ. ಎರಡೂ ತಂಡಕ್ಕೆ ಫೀನಿಕ್ಸ್‌ನ ಪಪಾಗೊ ಕೋರ್ಸೇ ಮನೆ. ಅಲ್ಲಿನ ಅಭ್ಯಾಸದ ಜಾಗಕ್ಕೆ ವಿನ್ಯಾಸ ಮಾಡಿದ್ದು ಫಿಲ್ ಮಿಕಲ್ಸನ್. ಕೋರ್ಸ್ ನಗರಸಭೆಯದು, ದುಡ್ಡು ಕೊಟ್ಟರೆ ನೀವೂ ಆಡಬಹುದು. ಬೇಸಿಗೆಯಲ್ಲಾದರೆ ಬೆಳಗಿನ ಮೊದಲ ಟೀ ಟೈಮೇ (ಆಟ ಶುರು ಮಾಡುವ ಸಮಯ) ಹಿಡಿಯಿರಿ.