ಗೋಡಾಕ್ಸ್ ಟಿಟಿ600: ಹಂಚಿನ ಮನೆಯಲ್ಲಿ ಬೆಳಕು ಕಲಿಸಿದ ಫ್ಲ್ಯಾಶ್

ಗೋಡಾಕ್ಸ್ ಕಂಪನಿಯ ಟಿಟಿ600 ಫ್ಲ್ಯಾಶಿನಲ್ಲಿ ಟಿಟಿಎಲ್ ಇಲ್ಲ. ಅಂದರೆ ಕ್ಯಾಮೆರಾವೇ ಬೆಳಕನ್ನು ಅಳೆದು ಎಷ್ಟು ಮಿಂಚಬೇಕೆಂದು ಫ್ಲ್ಯಾಶಿಗೆ ತಿಳಿಸುವ ವ್ಯವಸ್ಥೆ ಇದರಲ್ಲಿಲ್ಲ. ಪೂರ್ಣ ಶಕ್ತಿಯಿಂದ 1/128ರವರೆಗಿನ ಮೆಟ್ಟಿಲುಗಳಲ್ಲಿ ಯಾವುದು ಬೇಕೆಂಬುದನ್ನು ಪ್ರತಿ ಚಿತ್ರಕ್ಕೂ ನಾವೇ ನಿರ್ಧರಿಸಬೇಕು. ಕೊಳ್ಳುವಾಗ ನಾನು ಇದನ್ನೊಂದು ಕೊರತೆಯೆಂದೇ ಎಣಿಸಿದ್ದೆ. ಎರಡು ವರ್ಷ ಇದರಿಂದ ಮನೆಯವರ, ನೆರೆಯವರ, ಊರಿನ ಯಕ್ಷಗಾನ ಕಲಾವಿದರ ಭಾವಚಿತ್ರಗಳನ್ನು ತೆಗೆದ ಮೇಲೆ, ಹವ್ಯಾಸಕ್ಕಾಗಿ ಫ್ಲ್ಯಾಶ್ ಬೆಳಕನ್ನು ಕಲಿಯಬಯಸುವವರು ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂದು ಹೇಳುತ್ತೇನೆ. ಹಾಗೆ ಹೇಳಲು ಕಾರಣ ಆ ಕೊರತೆಯೇ.

ಸ್ವಯಂಚಾಲಿತ ಫ್ಲ್ಯಾಶಿನಲ್ಲಿ ಚೌಕಟ್ಟನ್ನು ಸ್ವಲ್ಪ ಬದಲಿಸಿದರೂ ಬೆಳಕಿನ ಪ್ರಮಾಣ ಬದಲಾಗಬಹುದು. ಬಿಳಿ ಸೀರೆ ಚೌಕಟ್ಟಿನಲ್ಲಿ ಹೆಚ್ಚು ಬಂದರೆ ಮುಖ ಕಪ್ಪಾಗುತ್ತದೆ, ಹಿಂದೆ ಕತ್ತಲಿದ್ದರೆ ಮುಖ ಬೆಳ್ಳಗಾಗುತ್ತದೆ. ತಪ್ಪು ನಮ್ಮದೋ ಯಂತ್ರದ್ದೋ ಎಂಬುದು ಕಲಿಯುವವರಿಗೆ ತಿಳಿಯುವುದಿಲ್ಲ. ಟಿಟಿ600ರಲ್ಲಿ 1/16ಕ್ಕೆ ಇಟ್ಟ ಬೆಳಕು ನಾವು ಮುಟ್ಟುವವರೆಗೆ 1/16ರಲ್ಲೇ ಇರುತ್ತದೆ. ಚಿತ್ರದಲ್ಲಿ ಏನಾದರೂ ಬದಲಾಗಿದ್ದರೆ ಅದನ್ನು ಬದಲಿಸಿದವರು ನಾವೇ. ಬೆಳಕು ಮತ್ತು ಮುಖದ ಸಂಬಂಧವನ್ನು ಅರಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಫ್ಲ್ಯಾಶಿನ ರಚನೆ ಸರಳ. ನಾಲ್ಕು ಎಎ ಸೆಲ್ಲುಗಳು, ಮೇಲಕ್ಕೂ ಪಕ್ಕಕ್ಕೂ ತಿರುಗುವ ತಲೆ, 20ರಿಂದ 200 ಮಿಲಿಮೀಟರ್‌ವರೆಗಿನ ಜೂಮ್, ಒಳಗೇ ಅಳವಡಿಸಿದ 2.4 ಗಿಗಾಹರ್ಟ್ಸ್ ರೇಡಿಯೊ. ಡಬ್ಬಿಯ ಮೇಲೆ ಮುದ್ರಿಸಿರುವ ಗೈಡ್ ನಂಬರ್ 60 (ಬೆಳಕು ಎಷ್ಟು ದೂರ ಸಾಲುತ್ತದೆಂದು ಲೆಕ್ಕ ಹಾಕುವ ಸಂಖ್ಯೆ) ಎಂಬುದು ಜೂಮ್ 200ರಲ್ಲಿ, ಕ್ಯಾಮೆರಾದ ಬೆಳಕಿನ ಸಂವೇದನೆ ಐಎಸ್ಒ 100ರಲ್ಲಿ, ಮೀಟರುಗಳ ಲೆಕ್ಕದಲ್ಲಿ ಹೇಳಿದ ಸಂಖ್ಯೆ. ಅದನ್ನು ಲೆನ್ಸಿನ ದ್ಯುತಿರಂಧ್ರದ ಅಳತೆಯಿಂದ, ಉದಾಹರಣೆಗೆ ಎಫ್ 8ರ 8ರಿಂದ, ಭಾಗಿಸಿದರೆ ಏಳೂವರೆ ಮೀಟರ್ ದೂರದವರೆಗೆ ಪೂರ್ಣ ಶಕ್ತಿಯ ಬೆಳಕು ಸಾಲುತ್ತದೆಂದು ಅರ್ಥ. ಆದರೆ ಜೂಮನ್ನು ಅಗಲಕ್ಕೆ ತಂದಾಗ ಅಥವಾ ಬೆಳಕನ್ನು ಹರಡಿ ಮೃದುವಾಗಿಸುವ ಛತ್ರಿಯನ್ನು ಮುಂದೆ ಇಟ್ಟಾಗ ಈ ಸಂಖ್ಯೆ ಬಹಳವೇ ಇಳಿಯುತ್ತದೆ. ಭಾವಚಿತ್ರಕ್ಕೆ ಬೆಳಕನ್ನು ಒಂದು ಮೀಟರ್ ಹತ್ತಿರಕ್ಕೆ ತರುವುದರಿಂದ ಮನೆಯೊಳಗೆ ನನಗೆ ಶಕ್ತಿ ಸಾಲದೆ ಹೋದದ್ದಿಲ್ಲ. ಹೆಚ್ಚಿನ ಚಿತ್ರಗಳು 1/8 ಮತ್ತು 1/32ರ ನಡುವೆಯೇ ಮುಗಿದಿವೆ.

ಇದರ ಜೊತೆ, ಕ್ಯಾಮೆರಾದ ಮೇಲೆ ಕೂತು ದೂರದ ಫ್ಲ್ಯಾಶನ್ನು ರೇಡಿಯೊ ಮೂಲಕ ಮಿಂಚಿಸುವ ಟ್ರಿಗರ್ ಒಂದನ್ನು ಕೊಳ್ಳಬೇಕು. ನಾನು ಬಳಸುವುದು ಅದೇ ಕಂಪನಿಯ ಎಕ್ಸ್2ಟಿ. ಫ್ಲ್ಯಾಶಿನ ತಳದಲ್ಲಿ ಒಂದೇ ಸಂಪರ್ಕಬಿಂದು ಇರುವುದರಿಂದ ಅದು ಕ್ಯಾನನ್, ನಿಕಾನ್ ಎಂಬ ಭೇದವಿಲ್ಲದೆ ಕೂರುತ್ತದೆ, ಸೋನಿಗೆ ಮಾತ್ರ ಟಿಟಿ600ಎಸ್ ಎಂಬ ಬೇರೆ ಮಾದರಿ ಇದೆ. ಆದರೆ ಟ್ರಿಗರ್ ಹಾಗಲ್ಲ, ಕ್ಯಾಮೆರಾ ಯಾವುದೋ ಅದಕ್ಕೆ ಹೊಂದುವ ಮಾದರಿಯನ್ನೇ ತರಬೇಕು. ಪೇಟೆಯ ಅಂಗಡಿಯೊಂದರಲ್ಲಿ ಯಾವುದಾದರೂ ನಡೆಯುತ್ತದೆಂದು ಹೇಳಿ ಬೇರೆ ಕ್ಯಾಮೆರಾದ ಟ್ರಿಗರನ್ನು ನನಗೆ ಕೊಟ್ಟರು, ಬದಲಿಸಿಕೊಡಲು ಒಪ್ಪಲಿಲ್ಲ. ಹಣ ಕೊಡುವ ಮುನ್ನ ಯಾವ ಕ್ಯಾಮೆರಾಕ್ಕೆ ಎಂದು ಸೂಚಿಸುವ ಡಬ್ಬಿಯ ಮೇಲಿನ ಅಕ್ಷರವನ್ನು ಓದಿಕೊಳ್ಳಿ. ಆರಂಭದಲ್ಲಿ ಟ್ರಿಗರಿಗೆ ಹಣವಿಲ್ಲದಿದ್ದರೆ, ಕ್ಯಾಮೆರಾದ ಪುಟ್ಟ ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ ಕನಿಷ್ಠ ಶಕ್ತಿಗಿಟ್ಟು, ಟಿಟಿ600ನ್ನು ಎಸ್1 ಎಂಬ ಸ್ಥಿತಿಯಲ್ಲಿಟ್ಟರೆ ಆ ಮಿಂಚನ್ನು ಕಂಡೇ ಇದೂ ಮಿಂಚುತ್ತದೆ. ಕೋಣೆಯೊಳಗೆ ಇದು ಚೆನ್ನಾಗಿ ನಡೆಯುತ್ತದೆ, ಬಿಸಿಲಿನಲ್ಲಿ ನಂಬುವ ಹಾಗಿಲ್ಲ.

ಕಲಿಕೆಯ ಮೊದಲ ತೊಡಕು ನನಗೆ ಎದುರಾದದ್ದು ನಮ್ಮ ಮನೆಯ ಮಾಡಿನಿಂದ. ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಚಾವಣಿಗೆ ಹೊಡೆದರೆ ಅದು ಹರಡಿಕೊಂಡು ಮೃದುವಾಗಿ ಕೆಳಗಿಳಿಯುತ್ತದೆಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಮಾತು ಹುಟ್ಟಿದ್ದು ತಗ್ಗಾದ ಬಿಳಿ ಚಾವಣಿಗಳ ಕೋಣೆಗಳಲ್ಲಿ. ದಕ್ಷಿಣ ಕನ್ನಡದ ನಮ್ಮ ಹಳೆಯ ಮನೆಗೆ ಮಂಗಳೂರು ಹಂಚಿನ ಇಳಿಜಾರು ಮಾಡು. ಮರದ ಪಕಾಸುಗಳು ಹೊಗೆಗೆ ಕಪ್ಪಾಗಿವೆ. ಅಲ್ಲಿಗೆ ಹೊಡೆದ ಬೆಳಕಿನಲ್ಲಿ ಮುಕ್ಕಾಲು ಭಾಗ ಮೇಲೆಯೇ ಉಳಿಯಿತು, ಕೆಳಗೆ ಬಂದಷ್ಟು ಬೆಳಕು ಇಟ್ಟಿಗೆಯ ಬಣ್ಣವನ್ನು ಹೊತ್ತು ತಂದಿತು. ಪಕ್ಕದ ಗೋಡೆಗೆ ತಿರುಗಿಸಿದರೆ ಅದಕ್ಕೆ ತಿಳಿಹಸಿರು ಬಳಿದಿದ್ದರಿಂದ ಅಜ್ಜಿಯ ಕೆನ್ನೆ ಹಸಿರಾಯಿತು. ಬೆಳಕು ತಾನು ತಾಗಿದ ವಸ್ತುವಿನ ಬಣ್ಣವನ್ನು ತರುತ್ತದೆಂಬುದನ್ನು ಓದಿ ತಿಳಿದಿದ್ದೆನಾದರೂ ಮನವರಿಕೆಯಾದದ್ದು ಆ ದಿನವೇ. ಕೊನೆಗೆ ತೊಳೆದ ಬಿಳಿ ಪಂಚೆಯೊಂದನ್ನು ಹಗ್ಗಕ್ಕೆ ಹರಡಿ ಅದಕ್ಕೆ ಫ್ಲ್ಯಾಶನ್ನು ಮುಖಮಾಡಿದಾಗ ಚರ್ಮದ ಬಣ್ಣ ಸರಿಯಾಗಿ ಬಂತು. ಅಷ್ಟರ ಮೇಲೆ 43 ಇಂಚಿನ ಬಿಳಿ ಛತ್ರಿಯನ್ನು ಕೊಂಡೆ.

ಛತ್ರಿ ಕಲಿಸಿದ ಪಾಠ ದೊಡ್ಡದು. ಮುಖಕ್ಕೆ ಹೋಲಿಸಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೃದುವಾಗುತ್ತದೆ. ಆದ್ದರಿಂದ ಅದೇ ಛತ್ರಿಯನ್ನು ಮೂರು ಮೀಟರ್ ದೂರಕ್ಕೆ ಒಯ್ದರೆ ಬೆಳಕು ಮತ್ತೆ ಗಡುಸಾಗುತ್ತದೆ. ದೂರದಿಂದ ಬೆಳಕಿನ ಬಲವೂ ಕುಗ್ಗುತ್ತದೆ, ಅದೂ ದೂರದ ವರ್ಗಕ್ಕೆ ತಕ್ಕಂತೆ: ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಅಜ್ಜಿಯ ಚಿತ್ರದಲ್ಲಿ ಪರೀಕ್ಷಿಸಿ ನೋಡಿದೆ. ಛತ್ರಿಯಿಂದ ಒಂದು ಮೀಟರಿನಲ್ಲಿ ಅವರು, ಮೂರು ಮೀಟರಿನಲ್ಲಿ ಸುಣ್ಣದ ಗೋಡೆ. ಗೋಡೆಗೆ ತಲುಪಿದ್ದು ಅವರ ಮುಖಕ್ಕೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಪಾಲು, ಹೀಗಾಗಿ ಬಿಳಿ ಗೋಡೆ ಕಡುಬೂದಿಯಾಗಿ ಹಿಂದೆ ಸರಿದು, ಅವರ ಮೂಗುಬೊಟ್ಟು ಮತ್ತು ನೆರಿಗೆಗಟ್ಟಿದ ಹಣೆ ಮುಂದೆ ಬಂದವು. “ಕಣ್ಣಿಗೆ ಸಿಡಿಲು ಹೊಡೆದ ಹಾಗಾಗ್ತದೆ ಮಗಾ” ಎಂದು ಮೊದಲು ದೂರಿದ್ದ ಅಜ್ಜಿ ಛತ್ರಿ ಬಂದ ಮೇಲೆ ಕಣ್ಣು ಮುಚ್ಚುವುದನ್ನು ಬಿಟ್ಟರು. ಅವರ ಕನ್ನಡಕದಲ್ಲಿ ಛತ್ರಿಯ ಬಿಳಿ ಬಿಂಬ ಕಾಣುತ್ತಿತ್ತು; ಸ್ಟ್ಯಾಂಡನ್ನು ಎತ್ತರಿಸಿ, ಗಲ್ಲವನ್ನು ತುಸು ತಗ್ಗಿಸಲು ಹೇಳಿದಾಗ ಅದೂ ಮಾಯವಾಯಿತು.

ಎರಡನೆಯ ಪಾಠ ಷಟರಿನದು. ಫ್ಲ್ಯಾಶಿನ ಮಿಂಚು ಷಟರ್ ತೆರೆದಿರುವ ಸಮಯಕ್ಕಿಂತ ಬಹಳ ಕಿರಿದಾದ್ದರಿಂದ ಷಟರಿನ ವೇಗ ಅದನ್ನು ಮುಟ್ಟುವುದಿಲ್ಲ. ಅದು ನಿಯಂತ್ರಿಸುವುದು ಕೋಣೆಯಲ್ಲಿ ಮೊದಲೇ ಇರುವ ಬೆಳಕನ್ನು ಮಾತ್ರ. ಸಂಜೆ ದೇವರ ಕೋಣೆಯ ಬಾಗಿಲಲ್ಲಿ 1/200 ಸೆಕೆಂಡಿನ ಷಟರಿನಲ್ಲಿ ತೆಗೆದ ಚಿತ್ರದಲ್ಲಿ ಹಿಂದಿನ ದೀಪ ಬರೀ ಚುಕ್ಕೆಯಾಗಿತ್ತು, 1/15ಕ್ಕೆ ಇಳಿಸಿದಾಗ ಮುಖದ ಬೆಳಕು ಹಾಗೆಯೇ ಉಳಿದು ದೀಪದ ಸುತ್ತಲಿನ ಹೊಂಬಣ್ಣವೂ ತುಂಬಿಕೊಂಡಿತು. ಫ್ಲ್ಯಾಶಿನ ತಲೆಗೆ ಜೆಲ್ ಎಂಬ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯನ್ನು ಅಂಟಿಸಿದ ಮೇಲೆ ಎರಡು ಬೆಳಕುಗಳೂ ಒಂದೇ ಮನೆಯವು ಎನ್ನಿಸತೊಡಗಿದವು.

ಇಷ್ಟನ್ನು ಕಲಿತ ಮೇಲೆಯೇ, ಅನುಮತಿ ಪಡೆದು, ಯಕ್ಷಗಾನ ಮೇಳದ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಹೋದೆ. ಆಟ ನಡೆಯುವಾಗ ನಾನು ಫ್ಲ್ಯಾಶ್ ಬಳಸುವುದಿಲ್ಲ. ಕಲಾವಿದರ ಕಣ್ಣಿಗೂ ಪ್ರೇಕ್ಷಕರ ಮನಸ್ಸಿಗೂ ಅದು ತೊಂದರೆ. ವೇಷ ಮುಗಿದು ರಂಗಕ್ಕೆ ಹೊರಡುವ ಮುಂಚಿನ ನಾಲ್ಕೈದು ನಿಮಿಷಗಳೇ ನನಗೆ ಸಿಗುವ ಸಮಯ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಇಡುವ ಚುಟ್ಟಿ ಉಬ್ಬಿ ನಿಂತಿರುತ್ತದೆ, ಅದನ್ನು ಇಡಲು ಕಲಾವಿದರು ಗಂಟೆಗಟ್ಟಲೆ ಕೂರುತ್ತಾರೆ. ಕ್ಯಾಮೆರಾದ ಮೇಲಿನಿಂದ ನೇರವಾಗಿ ಹೊಡೆದ ಫ್ಲ್ಯಾಶ್ ಆ ಶ್ರಮವನ್ನೆಲ್ಲ ಚಪ್ಪಟೆಯಾದ ಬಿಳಿ ಚುಕ್ಕೆಗಳನ್ನಾಗಿ ಮಾಡಿಬಿಡುತ್ತದೆ. ಛತ್ರಿಯನ್ನು ಪಕ್ಕಕ್ಕೆ, ಮುಖಕ್ಕಿಂತ ಸ್ವಲ್ಪ ಮೇಲಿಟ್ಟಾಗ ಪ್ರತಿಯೊಂದು ಚುಟ್ಟಿಗೂ ತನ್ನದೇ ನೆರಳು ಬಂದು ಮುಖ ಶಿಲ್ಪದಂತೆ ಕಂಡಿತು. ಕಿರೀಟದ ಬೇಗಡೆಯ ಹೊಳಪು ಮಾತ್ರ ಹಟ ಮಾಡುತ್ತದೆ: ಬಂದ ಕೋನದಲ್ಲೇ ಬೆಳಕು ಪ್ರತಿಫಲಿಸುವುದರಿಂದ ಸ್ಟ್ಯಾಂಡನ್ನು ಒಂದೆರಡು ಅಡಿ ಸರಿಸುವುದೊಂದೇ ದಾರಿ. ಈ ಎಲ್ಲ ಹೊತ್ತಿನಲ್ಲಿ 1/16 ಎಂಬ ನನ್ನ ಆಯ್ಕೆ ಕದಲದೆ ನಿಂತದ್ದು ಎಷ್ಟು ದೊಡ್ಡ ಆಸರೆಯೆಂಬುದನ್ನು ಹೇಳಲೇಬೇಕು. ಅಷ್ಟೊಂದು ಹೊಳಪಿರುವ ಚೌಕಟ್ಟಿನಲ್ಲಿ ಕ್ಯಾಮೆರಾದ ಅಳತೆ ತಪ್ಪುವ ಸಂಭವವೇ ಹೆಚ್ಚು.

ಮಿತಿಗಳನ್ನೂ ಹೇಳುತ್ತೇನೆ. ಕ್ಯಾಮೆರಾದ ಮೇಲೇ ಕೂರಿಸಿದರೆ ಹೈಸ್ಪೀಡ್ ಸಿಂಕ್, ಅಂದರೆ ಸಾಮಾನ್ಯ ಮಿತಿಗಿಂತ ವೇಗದ ಷಟರಿನಲ್ಲೂ ಫ್ಲ್ಯಾಶ್ ಬಳಸುವ ಸೌಲಭ್ಯ, ಸಿಗುವುದಿಲ್ಲ; ರೇಡಿಯೊ ಟ್ರಿಗರಿನ ಮೂಲಕ, ಅದಕ್ಕೆ ಅನುಕೂಲವಿರುವ ಕ್ಯಾಮೆರಾದಲ್ಲಿ 1/8000 ಸೆಕೆಂಡಿನವರೆಗೂ ಸಿಗುತ್ತದೆಯಾದರೂ ಆಗ ಬೆಳಕಿನ ಬಲ ಬಹಳ ಕುಗ್ಗುತ್ತದೆ. ನಡು ಮಧ್ಯಾಹ್ನದ ಕರಾವಳಿಯ ಬಿಸಿಲನ್ನು ಛತ್ರಿಯೊಳಗಿನ ಈ ಒಂದು ಫ್ಲ್ಯಾಶ್ ಎದುರಿಸಲಾರದು. ಪೂರ್ಣ ಶಕ್ತಿಯಲ್ಲಿ ಮುಂದಿನ ಮಿಂಚಿಗೆ ಹೊಸ ಸೆಲ್ಲುಗಳಿದ್ದರೂ ಎರಡೂವರೆ ಸೆಕೆಂಡಿನಷ್ಟು ಕಾಯಬೇಕು, ಬಿಡುವಿಲ್ಲದೆ ಹೊಡೆಯುತ್ತಲೇ ಇದ್ದರೆ ಬಿಸಿಯಾಗಿ ತಾನೇ ನಿಧಾನಿಸುತ್ತದೆ. ಧಾರೆಯ ಮುಹೂರ್ತದಲ್ಲಿ, ದೂರ ಕ್ಷಣಕ್ಷಣಕ್ಕೂ ಬದಲಾಗುವಲ್ಲಿ ಕೆಲಸ ಮಾಡುವವರು ಟಿಟಿಎಲ್ ಇರುವ ಟಿಟಿ685 ಅಥವಾ ಲಿಥಿಯಂ ಬ್ಯಾಟರಿಯ ವಿ860 ಸರಣಿಯತ್ತ ನೋಡುವುದು ಒಳ್ಳೆಯದು. ಸೆಲ್ಲುಗಳ ವಿಷಯದಲ್ಲಿ ಜಿಪುಣತನ ಬೇಡ: ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಎಂಟಾದರೂ ಇಟ್ಟುಕೊಳ್ಳಿ, ಸಾಮಾನ್ಯ ಸೆಲ್ಲುಗಳಿಗಿಂತ ಅವು ಬೇಗ ಫ್ಲ್ಯಾಶನ್ನು ಸಿದ್ಧಗೊಳಿಸುತ್ತವೆ. ಮಳೆಗಾಲದಲ್ಲಿ ಬಳಸದಿದ್ದಾಗ ಅವನ್ನು ಹೊರತೆಗೆದಿಡಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿ. ಅಂಗಳದಲ್ಲಿ ಕಡಲಗಾಳಿ ಛತ್ರಿಯನ್ನು ಹಿಡಿದರೆ ಫ್ಲ್ಯಾಶ್ ಸಮೇತ ಉರುಳುತ್ತದೆ, ನನ್ನದು ಒಮ್ಮೆ ಉರುಳಿ ಛತ್ರಿಯ ಎರಡು ಕಡ್ಡಿ ಮುರಿದಿವೆ.

ಕಳೆದ ದೀಪಾವಳಿಗೆ ಇದೇ ಮಾದರಿಯ ಇನ್ನೊಂದನ್ನು ಕೊಂಡೆ. ಎರಡನ್ನೂ ಬೇರೆ ಬೇರೆ ಗುಂಪಿಗೆ ಸೇರಿಸಿ ಟ್ರಿಗರಿನಿಂದಲೇ ಇವುಗಳ ಬೆಳಕನ್ನು ಏರಿಸಿ ಇಳಿಸುತ್ತೇನೆ. ಮೊದಲನೆಯದು ಛತ್ರಿಯಲ್ಲೇ ಇದೆ, ಹೊಸದನ್ನು 1/64ಕ್ಕಿಟ್ಟು ಅಜ್ಜಿಯ ಹಿಂದಿನ ಕಂಬದ ಮರೆಯಲ್ಲಿ ನಿಲ್ಲಿಸುತ್ತೇನೆ. ಅವರ ನರೆಗೂದಲಿನ ಅಂಚು ಅದರಿಂದ ಬೆಳಗುತ್ತದೆ.