ಮೇಲ್‌ನಲ್ಲಿ ಬಂದ ಪಟ್ಟಿ ನಿಮ್ಮದೇ ಹೌದೋ, ತೆರೆದು ನೋಡಿ

ಪಟ್ಟಿ (ಅಡಿಕೆ ಮಾರಿದ್ದರ ಲೆಕ್ಕದ ಚೀಟಿ), ಬಿಲ್ಲುಗಳನ್ನು ವೆಬ್ ಸಾಫ್ಟ್‌ವೇರ್‌ನಿಂದಲೇ ಪಿಡಿಎಫ್ ಮಾಡಿ ಮೇಲ್ ಕಳಿಸುವ ವ್ಯಾಪಾರಸ್ಥರು, ಆ ಸಾಫ್ಟ್‌ವೇರ್ ಬರೆದುಕೊಡುವ ಹುಡುಗರು ದಯವಿಟ್ಟು ಇದನ್ನು ಓದಿ.

ಅಪ್ಪಯ್ಯ ಶಿರಸಿಯ ಒಂದು ವಖಾರಿಗೆ (ಅಡಿಕೆ ಮಂಡಿಗೆ) ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಾಕಿದ್ದರು. ಸಂಜೆ ಮೇಲ್ ಬಂತು. ತೆರೆದವರೇ, "ತಮಾ, ಇದು ನಮ್ದಲ್ಲ, ಬೇರೆ ಯಾರದ್ದೋ ಪಟ್ಟಿ ಬಂಜು (ಬಂದಿದೆ)" ಅಂದರು. ಮೇಲ್‌ನಲ್ಲಿದ್ದದ್ದು ಅಪ್ಪಯ್ಯನ ಹೆಸರೇ. ಒಳಗಿನ ಪಿಡಿಎಫ್‌ನಲ್ಲಿ ಮಾತ್ರ ಸಿದ್ದಾಪುರ ಕಡೆಯವರೊಬ್ಬರ ರಾಶಿ ಅಡಿಕೆಯ ತೂಕ, ದರ, ಸಾಲಕ್ಕೆ ಮುರಿದುಕೊಂಡ ಮೊತ್ತ, ಬ್ಯಾಂಕ್ ಖಾತೆ ನಂಬರು. ಯಾರಿಗೆ ಎಷ್ಟು ಸಾಲವಿದೆ ಅನ್ನುವುದನ್ನು ನಮ್ಮ ಕಡೆ ಮನೆಯೊಳಗೂ ಮೆಲ್ಲಗೆ ಮಾತಾಡುತ್ತಾರೆ.

ವಖಾರಿಯಲ್ಲಿ ಕೇಳಿದರೆ "ಸರ್ವರ್ ಪ್ರಾಬ್ಲಂ, ಮತ್ತೆ ಕಳಿಸ್ತೇವೆ" ಎಂಬ ಉತ್ತರ. ನಾನೂ ಇದೇ ಕಸುಬಿನವನಾದ್ದರಿಂದ ಪಟ್ಟುಹಿಡಿದು ಕೋಡ್ ನೋಡಿದೆ. ಸರ್ವರ್‌ದು ಏನೂ ತಪ್ಪಿರಲಿಲ್ಲ. ಯಾರ ಪಟ್ಟಿಯಾದರೂ ಒಂದೇ ಫೋಲ್ಡರಿನಲ್ಲಿ, ಒಂದೇ ಹೆಸರಿನ ಫೈಲಾಗಿ ಉಳಿಯುತ್ತಿತ್ತು. ಆಮೇಲೆ ಆ ಫೈಲನ್ನು ಓದಿ ಮೇಲ್‌ಗೆ ಅಂಟಿಸುತ್ತಿದ್ದರು. ಅಡಿಕೆಗೆ ದರ ನಿಗದಿಯಾಗುವ ಟೆಂಡರ್ ಮುಗಿದ ಗಡಿಬಿಡಿಯಲ್ಲಿ ಇಬ್ಬರು ಗುಮಾಸ್ತರು ಒಟ್ಟಿಗೆ ಬಟನ್ ಒತ್ತಿದರೆ, ಮೊದಲನೆಯವರದ್ದನ್ನು ಅಂಟಿಸುವುದರೊಳಗೆ ಎರಡನೆಯವರದ್ದು ಅದರ ಮೇಲೇ ಬರೆದುಹೋಗುತ್ತದೆ. ಒಬ್ಬರೇ ಕೂತು ಪರೀಕ್ಷೆ ಮಾಡಿದರೆ ಇದು ಎಂದೂ ಕಾಣಿಸುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಪಿಡಿಎಫ್ ಅನ್ನು ಡಿಸ್ಕಿಗೆ ಬರೆಯದೆ ಮೆಮೊರಿಯಿಂದಲೇ ನೇರ ಲಗತ್ತಿಸಿ. ಫೈಲ್ ಬೇಕೇ ಬೇಕೆಂದರೆ ಪ್ರತಿ ಸಲ ಬೇರೆ ಬೇರೆ ಹೆಸರು ಕೊಡಿ, ಮೇಲ್ ಹೋದ ಕೂಡಲೇ ಅಳಿಸಿ. ವೆಬ್ಬಿನಿಂದ ನೇರ ತೆರೆಯಲು ಬರುವ ಫೋಲ್ಡರಿನಲ್ಲಂತೂ ಇಡಲೇಬೇಡಿ.

ಅದೇ ಕೋಡಿನಲ್ಲಿ ಇನ್ನೊಂದು ಅಪಾಯವೂ ಇತ್ತು. ಪಿಡಿಎಫ್ ತಯಾರಾಗದಿದ್ದರೆ ಬರುವ ಎರರ್ ಪುಟವೇ ಪಿಡಿಎಫ್ ಹೆಸರು ಹೊತ್ತು ರೈತರಿಗೆ ಹೋಗುತ್ತಿತ್ತು. ಅವರು ತಮ್ಮ ಮೊಬೈಲೇ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಸರಿಯಾದ ಪಿಡಿಎಫ್ ಶೇಕಡಾ ಚಿಹ್ನೆ ಮತ್ತು PDF ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ (%PDF) ಶುರುವಾಗುತ್ತದೆ. ಕಳಿಸುವ ಮೊದಲು ಅಷ್ಟನ್ನಾದರೂ ನೋಡಿ, ಇಲ್ಲದಿದ್ದರೆ ಮೇಲ್ ತಡೆಯಿರಿ. ಕನ್ನಡದ ಫಾಂಟನ್ನು ಪಿಡಿಎಫ್ ಒಳಗೇ ಸೇರಿಸಿ. ಒತ್ತಕ್ಷರ ಕೂಡಿಸಲು ಬಾರದ ಲೈಬ್ರರಿ (ಸಿದ್ಧ ಕೋಡ್) ಬಳಸಿದರೆ ಅಡಿಕೆಯ ಒಂದು ಬಗೆಯಾದ 'ಬೆಟ್ಟೆ' ಹೋಗಿ 'ಬೆಟ್‌ಟೆ' ಆಗುತ್ತದೆ.

ಹೋದ ಮೇಲ್ ವಾಪಸ್ ಬರುವುದಿಲ್ಲ. ಇಂಥದ್ದು ನಡೆದರೆ ಯಾರ ಮಾಹಿತಿ ಸೋರಿತೋ ಅವರಿಗೆ ತಿಳಿಸಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಇಲ್ಲಿ ತಪ್ಪಾದದ್ದನ್ನು ವಖಾರಿಯವರು ಹೇಳಲಿಲ್ಲ, ನಾವೇ ಕಂಡುಕೊಂಡದ್ದು. ಬೇರೆಯವರ ಪಟ್ಟಿ ನಿಮಗೆ ಬಂದರೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ವಖಾರಿಗೆ ಫೋನ್ ಮಾಡಿ ತಿಳಿಸಿ, ಅಳಿಸಿಬಿಡಿ. ಹೊಸ ಸಾಫ್ಟ್‌ವೇರ್ ತೆಗೆದುಕೊಳ್ಳುವವರು ಹಣ ಕೊಡುವ ಮೊದಲು ಎರಡು ಕಂಪ್ಯೂಟರಿನಿಂದ ಒಟ್ಟೊಟ್ಟಿಗೆ, ಬೇರೆ ಬೇರೆ ಹೆಸರಿಗೆ, ಮತ್ತೆ ಮತ್ತೆ ಕಳಿಸಿ ತೋರಿಸಿ ಅನ್ನಿ.