ಬೈಕ್ ಕ್ಲಚ್: ಶೋರೂಮಿಗೆ ಬಿಡೋದಾ, ಮನೆಯಲ್ಲೇ ಬಿಚ್ಚೋದಾ?

ಆಕ್ಸಿಲರೇಟರ್ ಕೊಟ್ಟರೂ ಇಂಜಿನ್ ಬರೀ ಕೂಗಿ ಬೈಕ್ ಮುಂದೆ ಎಳೆಯದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಅರ್ಥ. ಆಗ ಮೊದಲು ಕ್ಲಚ್ ಕೇಬಲ್ ನೋಡಿ. ಲಿವರ್ ತುದಿಯಲ್ಲಿ 10ರಿಂದ 20 ಮಿಮೀ ಆಟ (ಸಡಿಲ) ಇರಬೇಕು, ಅದು ಇಲ್ಲದೇ ಹೋದರೂ ಕ್ಲಚ್ ಸ್ಲಿಪ್ ಆಗುತ್ತದೆ. ಇದನ್ನು ಸರಿಮಾಡಲು ಒಂದು ಪಾನಾ ಸಾಕು, ಶೋರೂಮ್ ಯಾಕೆ?

ಪ್ಲೇಟೇ ಸವೆದಿದ್ದರೆ ಲೆಕ್ಕ ಬೇರೆ. ಶೋರೂಮ್ ಬಿಲ್ಲಿನಲ್ಲಿ ಪ್ಲೇಟ್, ಗ್ಯಾಸ್ಕೆಟ್ (ಕವರಿನ ಸಂದಿಯಲ್ಲಿ ಆಯಿಲ್ ಸೋರದಂತೆ ತಡೆಯುವ ಹಾಳೆ), ಆಯಿಲ್, ಲೇಬರ್, ಆ ಲೇಬರ್ ಮೇಲೆ 18% ಜಿಎಸ್‌ಟಿ, ಎಲ್ಲಾ ಸೇರುತ್ತದೆ. ನೀವೇ ಮಾಡಿದರೆ ಉಳಿಯೋದು ಲೇಬರ್ ಮಾತ್ರ, ಒರಿಜಿನಲ್ ಬಿಡಿಭಾಗಕ್ಕೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ರೇಟು. ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಮಾಡುವ ಪಾನಾ) ಹೊಸದಾಗಿ ಕೊಳ್ಳಬೇಕು ಅಂದರೆ ಮೊದಲ ಸಲ ಆ ಉಳಿತಾಯವೂ ಕರಗಬಹುದು.

ತಾಳ್ಮೆ ಇದ್ದರೆ 100–125 ಸಿಸಿ ಬೈಕನ್ನು ಧೈರ್ಯವಾಗಿ ಬಿಚ್ಚಿ. ಹಳೇ ಗ್ಯಾಸ್ಕೆಟ್ ಕೆರೆಯುವಾಗ ಅಲ್ಯೂಮಿನಿಯಂ ಮೇಲೆ ಗೀರು ಬೀಳಬಾರದು, ಬಿದ್ದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ. ಹೊಸ ಪ್ಲೇಟನ್ನು ಆಯಿಲಿನಲ್ಲಿ ನೆನೆಸಿಯೇ ಹಾಕಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ (JASO MA) ಅಂತ ಇರಲೇಬೇಕು, ಅದು ಆಯಿಲಿನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ಆಯಿಲ್ ಅನ್ನೋ ಗುರುತು. ಕಾರಿನ ಆಯಿಲ್ ಸುರಿದರೆ ಹೊಸ ಪ್ಲೇಟೂ ಜಾರಬಹುದು.

ವಾರಂಟಿ ಇದ್ದರೆ ಮುಟ್ಟಲೇಬೇಡಿ, ಶೋರೂಮಿಗೇ ಬಿಡಿ. ಕಾರಿನ ಕ್ಲಚ್ಚೂ ಅಷ್ಟೇ. ಅದಕ್ಕೆ ಗೇರ್‌ಬಾಕ್ಸ್ ಕೆಳಗಿಳಿಸಬೇಕು, ಬರೀ ಜಾಕ್ ನಂಬಿ ಅಡಿಗೆ ನುಗ್ಗಿದರೆ ಜೀವಕ್ಕೇ ಅಪಾಯ.